ಅತ್ತೆ ಕೇಳಿದ ಯಮನ್

ನನ್ನ ಸೋದರತ್ತೆ ಪಿಟೀಲು ನುಡಿಸಿದವಳಲ್ಲ, ಕೇಳಿದವಳು. ಗಂಡ ತೀರಿಹೋದ ಮೇಲೆ ಕಲಬುರಗಿಯಿಂದ ಸಿಕಂದರಾಬಾದ್ ಬಳಿಯ ಸನತ್‌ನಗರದ ನಮ್ಮ ಮನೆಗೆ ಬಂದಳು. ಬಂದ ವರ್ಷವೇ ಶನಿವಾರ ಸಂಜೆ ಹಾಲಿನಲ್ಲಿ ಜಮಖಾನ ಹಾಸಿಸಿ ಪಿಟೀಲಿನ ಬೈಠಕ್ ಶುರು ಮಾಡಿಸಿದಳು. ನಮ್ಮ ಕಡೆಯ ಹತ್ತಾರು ಮಂದಿ ಸೇರುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನುಡಿಸುವವರ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನನ್ನ ಮೊಣಕೈ ಒತ್ತುತ್ತಿದ್ದಳು.

"ಸ್ವರ ಎಲ್ಲಾರಿಗೂ ಕೇಳತಾವ. ನಡುವಿನ ದಾರಿ ಕೇಳು."

ಕೇಳುವ ಸುಖವನ್ನು ನಾನು ಹಾಗೆ ಕಲಿತೆ. ಎಷ್ಟೋ ಸಲ ಕೈಲಿದ್ದ ಚಹಾ ಆರಿಹೋಗಿರುತ್ತಿತ್ತು.

ಬೈಠಕ್ಕಿಗೆ ಸಿಕಂದರಾಬಾದಿನಿಂದ ಒಬ್ಬರು ಬರುತ್ತಿದ್ದರು. ರಾಯಚೂರಿನವರು, ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ತಾವೂ ಪಿಟೀಲು ಕಲಿಯುತ್ತಿದ್ದರು. ಮಗಳ ಮದುವೆ ಗೊತ್ತಾದ ವಾರ ಹೆಂಡತಿಯನ್ನೂ ಹೊಸ ಬೀಗರನ್ನೂ ಕರೆತಂದು, ಮೊದಲ ಸಲ ನಮ್ಮಲ್ಲಿ ಯಮನ್ ರಾಗ ನುಡಿಸಲು ಕೂತರು. ಸ್ವಲ್ಪ ಹೊತ್ತಿಗೇ ಅತ್ತೆ ಕೈ ಎತ್ತಿದಳು.

"ಸಾಕು ಮಾಡ್ರಿ. ಗಾಂಧಾರ ಒಂದು ಕಡೆ ಐತಿ, ನಿಮ್ಮ ಬೆರಳು ಒಂದು ಕಡೆ ಐತಿ. ಬಾಗಿಲಾಗ ಬೆಕ್ಕಿನ ಬಾಲ ಸಿಕ್ಕಂಗ ಕೇಳಾಕತ್ತೈತಿ."

ಬೀಗರು ನಕ್ಕರು. ಕಾಕಾ ಪಿಟೀಲು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಕೊಟ್ಟ ಚಹಾ ಕುಡಿದು, ಎಲ್ಲರಿಗೂ ಕೈ ಮುಗಿದು ಹೋದರು. ಮತ್ತೆ ಬರಲಿಲ್ಲ. ಅತ್ತೆ ಅವರನ್ನು ನೆನೆಸಲೂ ಇಲ್ಲ.

ವರ್ಷಗಳು ಕಳೆದು ಅತ್ತೆಯ ಕಿವಿ ಮಂದವಾಯಿತು. ಅಪ್ಪ ಕೋಠಿ ಪೇಟೆಯಿಂದ ಕಿವಿಗೆ ಹಾಕುವ ಮಷೀನು ತಂದುಕೊಟ್ಟರು. ಅದರಲ್ಲಿ ಮಾತು ಕೇಳುತ್ತಿತ್ತು, ಪಿಟೀಲು ಮಾತ್ರ ತಗಡು ಕೆರೆದಂತೆ ಕೇಳುತ್ತಿತ್ತಂತೆ. ಅವಳು ಅದನ್ನು ತೆಗೆದಿಟ್ಟು ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ನೋಡಲಾಗದೆ ಅಮ್ಮ, ಹತ್ತಿರ ಕೂತು ನುಡಿಸಿದರೆ ಕೇಳಿಸೀತೆಂದು ಕಾಕಾಗೆ ಫೋನ್ ಮಾಡಿದಳು. ಅವರು ಆಗ ರಿಟೈರ್ ಆಗಿ, ನಿಜಕ್ಕೂ ಒಳ್ಳೆಯ ವಾದಕರೆನಿಸಿಕೊಂಡಿದ್ದರು. ಕರೆದ ಶನಿವಾರವೇ ಬಂದರು.

ಹಳಬರೆಲ್ಲ ಸೇರಿದ್ದರು. ಕಾಕಾ ಅತ್ತೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತು ಯಮನ್ ಎತ್ತಿಕೊಂಡರು. ಎಂಥ ಆಲಾಪ ಅದು. ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಅವರು ಒಮ್ಮೆ ಅತ್ತೆಯ ಮುಖ ನೋಡಿದರು. ಆಮೇಲೆ ಬೆರಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ಗಾಂಧಾರ ಶ್ರುತಿ ತಪ್ಪಿತು. ಎಲ್ಲರೂ ತಲೆ ಎತ್ತಿದರು.

ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ಕಾಕಾ ಇನ್ನಷ್ಟು ಸರಿಸಿದರು. ನಿಷಾದ ಕೆಟ್ಟಿತು, ಮಧ್ಯಮ ಕೆಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ಏಳಲು ಹೋದಾಗ ಅಮ್ಮ ತೋಳು ಹಿಡಿದಳು. "ಕೂಡ್ರಿ. ನಿಲ್ಲಿಸಿದ್ರ ಅಕ್ಕಾರಿಗೆ ಗೊತ್ತಾಗತೈತಿ."

ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡಳು. "ಈಗ ಕೈ ಹದಕ್ಕ ಬಂತು ನೋಡ್ರಿ. ಆವತ್ತು ನಾ ಬೈದದ್ದು ಛಲೋ ಆತು. ಮುಂದಿನ ಶನಿವಾರನೂ ಬರ್ರಿ."

"ಎಲ್ಲಾ ನಿಮ್ಮ ಆಶೀರ್ವಾದ ರೀ," ಎಂದು ಕಾಕಾ ಅವಳ ಕಿವಿಯ ಬಳಿ ಬಾಗಿ ಕೂಗಿದರು.

ಸ್ಟೇಷನ್ನಿನವರೆಗೆ ಅವರ ಜೊತೆ ನಡೆದೆ. "ಮುದುಕಿಗೆ ಹಿಂಗ್ಯಾಕ ಮಾಡಿದ್ರಿ ಕಾಕಾ?"

ಅವರು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಆವತ್ತಿನಿಂದ ಸಾಯೂತನಕ ನಮ್ಮಾಕಿ ನನ್ನ ಪಿಟೀಲು ಕೇಳಲಿಲ್ಲವ್ವ. ನಾ ಪೆಟ್ಟಿಗಿ ತೆಗದ್ರ ಎದ್ದು ಒಳಗ ಹೋಗಾಕಿ. ಬೀಗರು ನಕ್ಕದ್ದು ಆಕಿ ಮರೀಲೇ ಇಲ್ಲ."

ಮುಂದಿನ ಶನಿವಾರ ಬಂದರು, ಅದರ ಮುಂದಿನ ವಾರವೂ ಬಂದು ಹಾಗೇ ಶ್ರುತಿ ತಪ್ಪಿಸಿ ನುಡಿಸಿದರು. ಕೇಳುವವರು ಒಬ್ಬೊಬ್ಬರೇ ಬರುವುದು ಬಿಟ್ಟರು. ಅಪ್ಪ ಆ ಹೊತ್ತಿಗೆ ಹೊರಗೆ ಹೊರಟುಬಿಡುತ್ತಿದ್ದರು. ಅತ್ತೆ ಮಾತ್ರ ಬೆಳಗಿನಿಂದಲೇ ಇಸ್ತ್ರಿ ಸೀರೆ ಉಟ್ಟು ಕಾಯುತ್ತಿದ್ದಳು.

ಒಂದು ಶನಿವಾರ ಅವಳು ಗೋಡೆಗೊರಗಿ ನಿದ್ದೆ ಹೋದಳು. ಕಾಕಾ ಅದನ್ನು ನೋಡಿ ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಂಡು ಯಮನ್ ನುಡಿಸಿದರು. ಇಡೀ ಹಾಲಿನಲ್ಲಿ ಕೇಳುವವಳು ನಾನೊಬ್ಬಳೇ. ಅಂಥ ಯಮನ್ ಮತ್ತೆಂದೂ ನನ್ನ ಕಿವಿಗೆ ಬಿದ್ದಿಲ್ಲ.

ಅತ್ತೆ ಕಣ್ಣು ಬಿಟ್ಟು ನಕ್ಕಳು. ಕಾಕಾ ಅವಳಿಗೆ ತಲೆಬಾಗಿ, ಬೆರಳನ್ನು ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು.