ಮೊದಲು ತಲೆ ಬಗ್ಗಿಸಿದವರು

ಅಮ್ಮನ ಎಡಗಣ್ಣಿನ ಪೊರೆ ತೆಗೆಸಲು ನಾನು ಎರಡು ಸಲ ದಿನ ಗೊತ್ತುಮಾಡಿದ್ದೆ. ಎರಡು ಸಲವೂ ಅವಳು ತಪ್ಪಿಸಿಕೊಂಡಳು. ಒಮ್ಮೆ ಏಕಾದಶಿ, ಇನ್ನೊಮ್ಮೆ ರಾಹುಕಾಲ. ಮೂರನೆಯ ಸಲ ಸೋಮವಾರ ಎಂದಾಗ ಹೊಸ ಕರಾರು ಬಂತು: ಭಾನುವಾರ ಟೀಚರಮ್ಮನ ಚರ್ಚಿಗೆ ಹೋಗಿಬರಬೇಕು. ಟೀಚರಮ್ಮ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಮೇಲಿನ ಮನೆಯವರು. ಇಪ್ಪತ್ತು ವರ್ಷ ಅಮ್ಮನ ಜೊತೆ ಹರಟಿ ಅರ್ಧ ಕನ್ನಡ ಕಲಿತ ತಮಿಳು ಕ್ಯಾಥೊಲಿಕ್.

“ಮಾಧ್ವರ ಮನೆಯವಳು ಮಾತಾವಿಗೆ ಹರಕೆಯಾ?” ಎಂದು ಛೇಡಿಸಿದೆ.

“ನಿಂಗೆ ಎರಡೂ ಕಡೆ ನಂಬಿಕೆ ಇಲ್ಲ. ನಿಂಗೇನು ಕಷ್ಟ? ಆಟೋ ಕರಿ.”

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಬೆಂಚು, ಮೇಣದಬತ್ತಿ, ಗಂಭೀರ ಮೌನಗಳನ್ನು ನಿರೀಕ್ಷಿಸಿದ್ದೆ. ಕಂಡದ್ದು ಬಾಗಿಲಲ್ಲಿ ಚಪ್ಪಲಿ ರಾಶಿ, ದೇವಸ್ಥಾನದ್ದೇ ಅನ್ನಿಸುವ ಧ್ವಜಸ್ತಂಭ, ಕಬ್ಬಿನ ಜಲ್ಲೆಗಳು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಅದು. ಅಂಗಳದಲ್ಲಿ ಇಟ್ಟಿಗೆ ಒಲೆಯ ಮೇಲೆ ಹಾಲು ಉಕ್ಕಿತು. ಹೆಂಗಸರು “ಪೊಂಗಲೋ ಪೊಂಗಲ್” ಎಂದು ಕೂಗಿ, ಅದೇ ಉಸಿರಿನಲ್ಲಿ “ಅಲ್ಲೇಲೂಯಾ” ಎಂದರು. ಒಳಗೆ ಮಾತಾವಿಗೆ, ಅಂದರೆ ದೇವಮಾತೆಯ ವಿಗ್ರಹಕ್ಕೆ, ಕಂಚಿ ಸೀರೆ.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಸೆರಗು ಗಿಡ್ಡ ಆಯ್ತು. ಯಾರು ಉಡ್ಸಿದ್ದು?”

“ನಾನ್‌ದಾನ್ ಮಾಮಿ,” ಎಂದರು ಟೀಚರಮ್ಮ.

“ರೊಂಬ ಚೆನ್ನಾಗಿದೆ,” ಎಂದಳು ಅಮ್ಮ.

ಮುಂದಿನದು ನನಗೆ ನೆನಪಿರುವ ಹಾಗೆ. ಪೂಜೆಯ ಕೊನೆಗೆ ಎಲ್ಲರೂ ಸಾಲಾಗಿ ಫಾದರ್ ಬಳಿ ಹೊರಟರು. ಅವರು ಕೊಡುವ ರೊಟ್ಟಿಯ ಬಿಲ್ಲೆ ಜ್ಞಾನಸ್ನಾನ ಪಡೆದ ಕ್ರೈಸ್ತರಿಗೆ ಮಾತ್ರ, ನಾವು ಚಾಪೆಯ ಮೇಲೇ ಕೂತಿರಬೇಕು ಎಂದು ಟೀಚರಮ್ಮ ಮೊದಲೇ ಹೇಳಿದ್ದರು. ಆದರೆ ಪ್ರಸಾದದ ಕ್ಯೂ ಕಂಡ ಮೇಲೆ ಅಮ್ಮ ಕೂರುವುದುಂಟೆ? ಅವಳನ್ನು ಹಿಂದಕ್ಕೆಳೆಯಲು ನಾನೂ ಹೋದೆ. ತೀರ್ಥಕ್ಕೆ ಒಡ್ಡುವಂತೆ ಅವಳು ಅಂಗೈ ಗುಳಿ ಮಾಡಿದಳು. ಫಾದರ್ ಅವಳ ಕುಂಕುಮ ನೋಡಿದರು, ನನ್ನನ್ನು ನೋಡಿದರು, ರೊಟ್ಟಿ ಬಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟರು. ಪೆರುಮಾಳ್ ಕೋವಿಲಿನಲ್ಲಿ ಅರ್ಚಕರು ತಲೆಗೆ ಬೆಳ್ಳಿಯ ಶಠಾರಿ ಮುಟ್ಟಿಸುವಾಗ ಬಾಗುವ ಹಾಗೆಯೇ ಅಮ್ಮ ಬಾಗಿದಳು.

“ಶಠಾರಿ ಆಯ್ತು,” ಎಂದಳು ಹಿಂತಿರುಗುತ್ತ. “ಪ್ರಸಾದ ಮುಗಿದಿತ್ತೋ ಏನೋ.”

ಸೋಮವಾರ ಸದ್ದಿಲ್ಲದೆ ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿದಳು.

ಈ ಕಥೆಯನ್ನು ನಾನು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಕಳೆದ ತಿಂಗಳು ನೆಂಟರ ಮುಂದೆ ಅಮ್ಮ ನಡುವೆಯೇ ತಡೆದಳು.

“ಎಷ್ಟು ಸುಳ್ಳು ಹೇಳ್ತೀಯೋ! ನಂಗೆ ಕಣ್ಣೇ ಕಾಣ್ತಿರ್ಲಿಲ್ಲ, ಇನ್ನು ಕ್ಯೂ ಎಲ್ಲಿಂದ ಕಾಣುತ್ತೆ? ಕೈ ಹಿಡ್ಕೊಂಡು ಹೋದೋನು ನೀನು. ಮೊದ್ಲು ತಲೆ ಬಗ್ಗಿಸಿದ್ದೂ ನೀನೇ.”

“ಸೆರಗು ಗಿಡ್ಡ ಅನ್ನೋದು ಮಾತ್ರ ಕಂಡಿತ್ತಾ?”

“ಸೀರೆ ನೋಡೋ ಕಣ್ಣೇ ಬೇರೆ.”

ನೆಂಟರು ಅವಳ ಪಕ್ಷ ಸೇರಿದರು. ಪೊರೆ ಬಂದ ಕಣ್ಣಿನ ಸಾಕ್ಷಿಗೆ ಸೋಲುವುದೇ? ತೀರ್ಪು ಕೇಳಲು ಮೇಲಿನ ಮನೆಗೆ ಹತ್ತಿದೆ. ಟೀಚರಮ್ಮ ಕಾಫಿ ಕೊಟ್ಟು ನಕ್ಕರು.

“ಯಾರು ಫಸ್ಟ್ ಅಂತ ನಾನು ನೋಡ್ಲಿಲ್ಲ ತಂಬಿ. ಆದ್ರೆ ಫಾದರ್ ಆಮೇಲೆ ಕೇಳಿದ್ರು, ‘ಆ ಕನ್ನಡ ಸಾರ್ ಅಮ್ಮಂಗೆ ಆಪರೇಷನ್ ಆಯ್ತಾ?’ ಅಂತ. ನೀನು ತಲೆ ಬಗ್ಗಿಸ್ಕೊಂಡು ‘ಎಡಗಣ್ಣು ಫಾದರ್, ಎಡಗಣ್ಣು’ ಅಂತ ಎರಡು ತಡವೆ ಹೇಳಿದ್ಯಂತೆ.”

ಎಷ್ಟು ಕೆದಕಿದರೂ ಅಂಥದ್ದೊಂದು ನೆನಪು ನನ್ನಲ್ಲಿಲ್ಲ. ಆದರೆ ಡಾಕ್ಟರು ಎಡ ಬಿಟ್ಟು ಬಲಗಣ್ಣಿಗೆ ಕೈಹಾಕಿಬಿಟ್ಟಾರು ಎಂಬ ಹುಚ್ಚು ಹೆದರಿಕೆ ಆ ವಾರವಿಡೀ ನನಗೊಬ್ಬನಿಗೇ ಇತ್ತು. ಅದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ, ಟೀಚರಮ್ಮನಿಗೂ ಹೇಳಿರಲಿಲ್ಲ.

ಕೆಳಗೆ ಬಂದಾಗ ಅಮ್ಮ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಏನಂದ್ರು?”

“ಅವರಿಗೂ ನೆನಪಿಲ್ಲವಂತೆ,” ಎಂದೆ.