ಅತ್ತೆ ಕೂತ ಬುಟ್ಟಿ

ನಾವು ಈಗಿರುವ ಗೊರೇಬಾಳದಲ್ಲಿ ಯಾರೋ ಭತ್ತದ ಹುಲ್ಲಿಗೆ ಇಟ್ಟ ಬೆಂಕಿ ಹಳ್ಳದ ಜಾಲಿಗೂ ಹತ್ತಿದೆ. ಹೊಗೆ ಮೂಗಿಗೆ ಬಡಿಯುತ್ತಿದೆ. ಮೊಮ್ಮಗ ಹೊರಡುವ ಅವಸರದಲ್ಲಿದ್ದಾನೆ. "ರಾತ್ರಿ ತಂಪಿಗೆ ಬೆಂಕಿ ತಾನ ಕುಗ್ಗತೈತಿ ಅಜ್ಜಿ, ಬಡದು ಬರ್ತೀವಿ" ಎನ್ನುತ್ತಾನೆ. ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ, ಓದುಗರೇ, ಆಡಿ ನಾಚಿದ್ದೆ.

ಆಗ ನಿಜಾಮರ ಕಾಲ. ಲಿಂಗಸುಗೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದಿದ್ದೆ. ನಾಲ್ಕು ಅಕ್ಷರ ಕಲಿತವಳೆಂಬ ಬಿಂಕ ಬೇರೆ. ಗುಡ್ಡಕ್ಕೆ ಬೆಂಕಿ ಬಿದ್ದಾಗಲೆಲ್ಲ ಅತ್ತೆ ಅಂಗಳದ ಕಲ್ಲಿನ ಮೇಲೆ ಒಂದು ಹಿಡಿ ಒಣಹುಲ್ಲು ಇಡುತ್ತಿದ್ದರು. ಆಮೇಲೆ ಒಂದೆಳೆ ತೆಗೆದು ಬೆರಳಿಗೆ ಸುತ್ತುವರು. ಬಾಗಿದರೆ ಗಾಳಿಯಲ್ಲಿ ತೇವವಿದೆ, ಬೆಂಕಿ ಮಲಗಿದೆ. ಮುರಿದರೆ ಅದಿನ್ನೂ ಎಚ್ಚರವಾಗಿದೆ. ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದೆ.

ಒಂದು ಬೇಸಿಗೆಯ ರಾತ್ರಿ ಗುಡ್ಡ ಉರಿಯುತ್ತಿತ್ತು. ಓಣಿಯ ಗಂಡಸರು ನಮ್ಮ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು, ನಮ್ಮ ಮನೆಯವರೂ ಇದ್ದರು. ಕಾಲಿನ ಕೆರಗಳೆಲ್ಲ ಹೊಸ್ತಿಲಾಚೆ. ಕಾಡು ನೋಡಿಕೊಳ್ಳುವ ಸರಕಾರಿ ಅಧಿಕಾರಿ, ಜಂಗಲ್ ಅಮೀನ, ಬಂದು, ಈಗಲೇ ಕೊಳ್ಳದ ದಾರಿಯಿಂದ ಹತ್ತಿ ಬೆಂಕಿ ಬಡಿಯಬೇಕೆಂದು ಹುಕುಂ ಮಾಡಿದ.

"ಹೋಗ್ಲಿ ಬಿಡ್ರಿ ಅತ್ತಿ, ರಾತ್ರಿ ತಂಪಿರತೈತಿ" ಎಂದೆ.

ಅತ್ತೆ ಹುಲ್ಲು ಸುತ್ತಿದರು. ಚಟ್ಟೆಂದು ಮುರಿಯಿತು. ಹೊಸ್ತಿಲೊಳಗೆ ಕೆರ ಬಂದರೆ ಮನೆಯೆಲ್ಲ ತೊಳೆಸುತ್ತಿದ್ದ ಹೆಂಗಸು, ಅಷ್ಟೂ ಕೆರಗಳನ್ನು ರೊಟ್ಟಿಯ ಬುಟ್ಟಿಗೆ ತುಂಬಿ ಬಾಗಿಲಿಗೆ ಅಡ್ಡವಿಟ್ಟು ಅದರ ಮೇಲೆ ಕೂತರು. ಬರಿಗಾಲಲ್ಲಿ ಕೆಂಡ ತುಳಿಯುವವರು ಯಾರು?

"ಹುಲ್ಲು ಮುರೀತೈತ್ರಿ. ಗಾಳಿ ಕೊಳ್ಳದಾಗ ಇಳ್ಯಾಕತ್ತೈತಿ. ಕೋಳಿ ಕೂಗಲಿ, ಕಳಸ್ತೀನಿ."

"ಯಾರ ಹುಕುಂ ಅಂತ ಗೊತ್ತೈತೇನು?"

"ನನಗ ಗೊತ್ತೈತ್ರಿ. ಬೆಂಕಿಗೆ ಗೊತ್ತಿಲ್ಲ."

ಅಮೀನ ಕೂಗಾಡುತ್ತಿದ್ದಂತೆಯೇ ಬೆಂಕಿ ಹೊರಳಿ ಕೊಳ್ಳದುದ್ದಕ್ಕೂ ಇಳಿಯಿತು. ಗಂಡಸರು ಹತ್ತಬೇಕಿದ್ದ ದಾರಿಯೇ ಅದು. ಮುರಿದು ಬಿದ್ದ ಹುಲ್ಲಿನೆಳೆಯನ್ನು ನಾನು ಎತ್ತಿಕೊಂಡೆ.

ಕೋಳಿ ಕೂಗುವಾಗ ಹುಲ್ಲು ಬಾಗಿತು. ಅತ್ತೆ ಎದ್ದು ಕೆರ ಕೊಟ್ಟರು. ಹಸಿ ಗೋಣಿತಟ್ಟು ಹಿಡಿದು ಹೋದವರು ಬಿಸಿಲೇರುವುದರೊಳಗೆ ಬೆಂಕಿ ಆರಿಸಿ ಬಂದರು. ಆದರೂ ಅಮೀನ ಅತ್ತೆಯನ್ನು ಚಾವಡಿಗೆ ಕರೆಸಿದ.

"ಹುಕುಂ ಮೀರಿದಿ, ಹೌದೋ ಅಲ್ಲೋ?"

"ಮೀರೀನ್ರಿ. ಮಂದಿನ್ನ ಎಣಿಸಿಕೊಳ್ರಿ, ಎಲ್ಲಾರೂ ಅದಾರ."

ಸಂಜೆಯವರೆಗೆ ಬಿಸಿಲಲ್ಲಿ ನಿಲ್ಲಿಸಿದ. ಅತ್ತೆ ತಲೆ ತಗ್ಗಿಸಲಿಲ್ಲ. ಪಕ್ಕದಲ್ಲಿ ನಾನೂ ನಿಂತೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಈಗ ಅಂಗಳದಿಂದ ಒಂದು ಹುಲ್ಲಿನೆಳೆ ತಂದು ಬೆರಳಿಗೆ ಸುತ್ತಿದೆ. ಮುರಿಯಿತು.

"ಅಜ್ಜಿ, ನನ್ನ ಬೂಟು ನೋಡಿಯೇನು?"

"ನೋಡೀನಿ. ಕೋಳಿ ಕೂಗಲಿ, ಕೊಡ್ತೀನಿ."

ಬೂಟಿನ ಮೇಲೆ ಕೂರುವುದು ಸುಖವೇನಲ್ಲ. ಆದರೆ ನಾನು ಏಳುವುದಿಲ್ಲ.