ಆರನೆಯ ಚಮಚ

ಮದುವೆಗೆ ಬರುವವರು ಏನು ಉಡುಗೊರೆ ಕೊಡಬಹುದೆಂದು ಮದುವೆಯಾಗುವವರೇ ಅಂಗಡಿಯಲ್ಲಿ ಪಟ್ಟಿ ಮಾಡಿಟ್ಟು ಬರುವುದು ಇಲ್ಲಿನ ಪದ್ಧತಿ. ಕಳೆದ ಚಳಿಗಾಲದ ಒಂದು ಶನಿವಾರ, ಆಕ್ಲೆಂಡಿನ ಅಂಗಡಿಯೊಂದರಲ್ಲಿ, ನಾನೂ ನನ್ನ ಕೈಹಿಡಿಯಲಿದ್ದವನೂ ಚಮಚ, ಫೋರ್ಕುಗಳ ಮುಂದೆ ನಿಂತಿದ್ದೆವು. ಅವನು ಮೈಸೂರಿನವನು.

"ಆರರ ಸೆಟ್ಟಾ, ಎಂಟರದಾ?"

"ಐದು," ಎಂದೆ.

"ಐದರ ಸೆಟ್ ಯಾರೇ ಮಾರ್ತಾರೆ? ಆರನೇ ಗೆಸ್ಟು ಬರೀ ಸಾರು ಕುಡೀಬೇಕಾ?"

ನನಗೆ ನಗು ಬರಲಿಲ್ಲ. ಕಾರಿನಲ್ಲಿ ಕೂತ ಮೇಲೆ ಎಲ್ಲ ಹೇಳಿದೆ.

ಓದಲು ಬಂದ ಹೊಸದರಲ್ಲಿ, ಆಕ್ಲೆಂಡಿನ ಹೊರವಲಯದ ತಕಾನಿನಿಯಲ್ಲಿ ನನ್ನ ಫ್ಲಾಟ್‌ಮೇಟ್ ಆಗಿದ್ದವಳು ಹುಬ್ಬಳ್ಳಿಯ ನರ್ಸ್. ಅವಳ ತಾಯಿ ಮಗಳ ಮದುವೆಗೆಂದು ಸ್ಟೀಲ್ ಪಾತ್ರೆ ಕೂಡಿಡುತ್ತಿದ್ದರು. ಎಲ್ಲದರ ಮೇಲೂ ಮಗಳ ಹೆಸರು ಕೊರೆಸಿದ್ದರು. ಆರು ಚಮಚಗಳಲ್ಲಿ ಒಂದನ್ನು ಅವಳು ಇಲ್ಲಿಗೆ ತಂದಿದ್ದಳು. ಒಂದು ಮಧ್ಯಾಹ್ನ, ಪುಕೆಕೊಹೆಯ ವೃದ್ಧಾಶ್ರಮದಲ್ಲಿ ಡ್ಯೂಟಿ ಮುಗಿಸಿ ಬರುವಾಗ, ಕಾರು ಅಪಘಾತದಲ್ಲಿ ತೀರಿಕೊಂಡಳು.

ಅವಳ ಸಾಮಾನು ಕಟ್ಟಿದವಳು ನಾನು. ಸ್ವೆಟರ್ ಮೂರು, ಕೈಗಡಿಯಾರ ಒಂದು, ಹೀಗೆ ಪ್ರತಿಯೊಂದನ್ನೂ ಬರೆದು ಪಟ್ಟಿಯನ್ನು ಪೆಟ್ಟಿಗೆಯಲ್ಲೇ ಇಟ್ಟೆ. ಪೆಟ್ಟಿಗೆ ಹುಬ್ಬಳ್ಳಿಗೆ ತಲುಪಿದ ದಿನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಚಮಚ ಎಲ್ಲೈತವ್ವಾ?" ಸಿಗಲಿಲ್ಲ ಎಂದೆ. ಆಗ ಅದು ನಿಜ. ಎರಡು ತಿಂಗಳ ನಂತರ ಮನೆ ಬದಲಿಸುವಾಗ, ಅಡುಗೆಮನೆಯ ಡ್ರಾಯರಿನ ಹಿಂದೆ ಸಿಕ್ಕಿತು. ಕಳಿಸೋಣವೆಂದು ತೊಳೆದಿಟ್ಟೆ. ಒಂದು ಬೆಳಿಗ್ಗೆ ಬೇರೆ ಚಮಚವೆಲ್ಲ ಎಂಜಲಾಗಿತ್ತು; ಅದರಲ್ಲೇ ಉಪ್ಪಿಟ್ಟು ತಿಂದೆ. ಆಮೇಲೆ ಕಳಿಸಲಾಗಲಿಲ್ಲ. ತಾಯಿ ಮತ್ತೊಮ್ಮೆ ಕೇಳಿದಾಗಲೂ ಸಿಗಲಿಲ್ಲ ಎಂದೆ. ನಾಲ್ಕು ವರ್ಷದಿಂದ ಅದರಲ್ಲೇ ತಿನ್ನುತ್ತಿದ್ದೇನೆ. ಹಿಡಿದಾಗ ಹೆಬ್ಬೆರಳಿಗೆ ಅವಳ ಹೆಸರಿನ ಮೊದಲ ಅಕ್ಷರ ತಾಗುತ್ತದೆ.

"ನಾನು ಅದು ನಿಮ್ಮಜ್ಜಿ ಹೆಸರು ಅಂದ್ಕೊಂಡಿದ್ದೆ," ಎಂದ ಅವನು. ನನ್ನ ಫೋನನ್ನು ಕೈಗಿಟ್ಟು, "ಲಿಸ್ಟ್ ಇರ್ಲಿ. ಮೊದ್ಲು ಅವ್ರಿಗೆ ಫೋನ್ ಮಾಡು."

ಹುಬ್ಬಳ್ಳಿಯಲ್ಲಿ ಆಗ ಬೆಳಿಗ್ಗೆ. ಹಿಂದೆ ಮಿಕ್ಸಿ ತಿರುಗುತ್ತಿತ್ತು.

"ಆಂಟಿ, ಆ ಚಮಚ ನನ್ನ ಹತ್ರಾನೇ ಇದೆ. ಸಿಕ್ಕಿ ನಾಲ್ಕು ವರ್ಷ ಆಯ್ತು. ನಿಮಗೆ ಸುಳ್ಳು ಹೇಳ್ದೆ."

ಮಿಕ್ಸಿ ನಿಂತಿತು.

"ಅದರಾಗ ಉಣ್ತೀ ಏನು?"

"ಹ್ಞೂಂ. ದಿನಾ."

ಕುಕ್ಕರು ಎರಡು ಸಲ ಕೂಗಿತು.

"ಹೆಸರು ಅಳಿಸೇತೇನು?"

"ಇಲ್ಲ."

"ಹಂಗಾದ್ರ ಅಲ್ಲೇ ಇರ್ಲಿ. ಇಲ್ಲಿ ಐದು ಕಪಾಟಿನ್ಯಾಗ ಸುಮ್ನ ಕುಂತಾವ. ನಿನ್ನ ಮದುವಿಗೆ ಅವನ್ನೂ ಕಳಿಸ್ತೀನಿ. ಬ್ಯಾಡ ಅನಬ್ಯಾಡ."

ಬೇಡ ಎನ್ನಲೆಂದೇ ಬಾಯಿ ತೆರೆದಿದ್ದೆ. ಅವರಿಗೆ ಸುಳ್ಳು ಹೇಳಿದವಳು ನಾನು; ವಿಳಾಸ ಹೇಳಿದೆ.

ಮೂರು ವಾರಕ್ಕೆ ಪಾರ್ಸೆಲ್ ಬಂತು. ಐದರ ಮೇಲೂ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಅಂಗಡಿಯ ಪಟ್ಟಿಯಲ್ಲಿ ಫೋರ್ಕು, ಚಾಕು ಮಾತ್ರ ಬರೆಸಿ ಚಮಚ ಬಿಟ್ಟೆವು.

ಮದುವೆಯ ನಂತರ ಮೊದಲು ಊಟಕ್ಕೆ ಬಂದವರು ಗಂಡನ ಸಹೋದ್ಯೋಗಿ ದಂಪತಿ, ಬೆಂಗಳೂರಿನವರು. ಪಾಯಸದ ಹೊತ್ತಿಗೆ ಆಕೆ ಚಮಚ ತಿರುಗಿಸಿ, ಅಕ್ಷರ ಕೂಡಿಸಿ, ಹೆಸರನ್ನು ಗಟ್ಟಿಯಾಗಿ ಓದಿದರು. ಐದು ವರ್ಷದಲ್ಲಿ ನಾನಿರುವ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ.

ಗಂಡ ನನ್ನ ಮುಖ ನೋಡಿದ. ನಾನು, ಅಲ್ಲಿಂದ ಯಾರೋ ಓಗೊಡುವರೇನೋ ಎಂಬಂತೆ, ಅಡುಗೆಮನೆಯ ಬಾಗಿಲು ನೋಡುತ್ತಿದ್ದೆ.